ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು

ಯಾರಾದರೂ ಕೈಮುಗಿದರೆ ನಾನು ಈಗಲೂ ಮೊದಲು ನನ್ನ ಕಾಲ ಕೆಳಗೆ ನೋಡಿಕೊಳ್ಳುತ್ತೇನೆ. ನೆಲ ಇದೆ ಎಂದು ಖಾತ್ರಿಯಾದ ಮೇಲೆ ತಿರುಗಿ ಕೈಮುಗಿಯುತ್ತೇನೆ. ಹೊಸಬರು ಇದನ್ನು ನೋಡಿ, ಪಾಪ, ಈ ಹೆಣ್ಣುಮಗಳಿಗೆ ಎಷ್ಟು ಸಂಕೋಚ ಎಂದುಕೊಳ್ಳುತ್ತಾರೆ. ವಿಮಾ ಏಜೆಂಟ್ ಆಗಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹಡಗಲಿ ಅಂತ ಅರ್ಧ ಆಯುಷ್ಯ ತಿರುಗಿದವಳು ನಾನು. ಊಟಕ್ಕೆ ಕೂತವರ ಎದುರು ಕುಳಿತು, ‘ನಾಳೆ ನೀವೇ ಇಲ್ಲಾಂದ್ರ ಮನಿಯವರ ಗತಿ ಏನ್ರಿ’ ಎಂದು ನಗುನಗುತ್ತಾ ಕೇಳಿದವಳು. ಸಂಕೋಚ ನನ್ನನ್ನು ಬಿಟ್ಟುಹೋಗಿ ಬಹಳ ಕಾಲವಾಯಿತು. ಕಾಲ ಕೆಳಗೆ ನೋಡಿಕೊಳ್ಳುವುದಕ್ಕೆ ಬೇರೆ ಕಾರಣವಿದೆ.

ನನ್ನ ಹೆಸರು ಸರೋಜ. ಸರೋಜ ಎಂದರೆ ನೀರಿನಲ್ಲಿ ಹುಟ್ಟಿದ್ದು. ಈ ಹೆಸರಿಟ್ಟವರು ಶಾಲೆಯ ಮಾಸ್ತರರು. ಅರ್ಥ ಗೊತ್ತಿದ್ದರೆ ನಮ್ಮಜ್ಜಿ ಖಂಡಿತ ಒಪ್ಪುತ್ತಿರಲಿಲ್ಲ, ಏಕೆಂದರೆ ಅವಳಿಗೂ ನೀರಿಗೂ ಜನ್ಮದ ಹಗೆ. ಡ್ಯಾಮು ಕಟ್ಟಿದಾಗ ಮುಳುಗಿದ ಊರಿನವಳು ಅವಳು. ಸರ್ಕಾರ ಕೊಟ್ಟ ಹೊಸ ಜಾಗಕ್ಕೆ ಬಂದು ನಾಲ್ಕು ಮಕ್ಕಳನ್ನು ಹೆತ್ತು, ಮೊಮ್ಮಕ್ಕಳ ಮದುವೆ ಮಾಡಿದರೂ ಅದನ್ನು ಊರು ಎಂದು ಒಮ್ಮೆಯೂ ಕರೆಯಲಿಲ್ಲ. ‘ಇಲ್ಲಿ’ ಅನ್ನುತ್ತಿದ್ದಳು, ಅಷ್ಟೆ. ಬದನೆಕಾಯಿಗೆ ರುಚಿ ಇದ್ದದ್ದು ಹಳೇ ಊರಿನಲ್ಲಿ. ಎಮ್ಮೆ ಹಾಲು ಕೊಡುತ್ತಿದ್ದದ್ದು ಹಳೇ ಊರಿನಲ್ಲಿ. ನನ್ನ ತಲೆ ಬಾಚುವಾಗ ಹೇನು ಸಿಕ್ಕರೆ, ಅಲ್ಲಿಯ ಹೇನು ಎಷ್ಟು ದಪ್ಪ ಇರುತ್ತಿದ್ದವು ಎಂದು ಅಭಿಮಾನದಿಂದ ಹೇಳುತ್ತಿದ್ದಳು. ಅಂಥದ್ದನ್ನೆಲ್ಲ ನುಂಗಿದ ನೀರನ್ನು ಅವಳು ಹೆಸರಿಟ್ಟು ಬೈಯುತ್ತಿದ್ದಳು. ಸ್ನಾನ ಮಾಡಿಸುವಾಗ ನಮ್ಮ ಮೂಗಿನೊಳಗೆ ಒಂದು ಹನಿ ಹೋದರೆ ಪೆಟ್ಟು ಬೀಳುತ್ತಿದ್ದದ್ದು ತಂಬಿಗೆಗೆ. ಮನೆಯಿಂದ ಕೂಗಳತೆಯಲ್ಲಿ ಹಿನ್ನೀರು ಇದ್ದರೂ ಮೊಮ್ಮಕ್ಕಳಲ್ಲಿ ಒಬ್ಬರನ್ನೂ ದಂಡೆಗೆ ಬಿಡಲಿಲ್ಲ. ಹೀಗಾಗಿ ಸಮುದ್ರದಂಥ ನೀರಿನ ಪಕ್ಕದಲ್ಲೇ ಬೆಳೆದೂ ನಾನು ಈಜು ಕಲಿಯಲಿಲ್ಲ.

ಈಜು ಬರದವರು ನೀರಿಗೆ ಹೋಗಬಾರದು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಬೇರೆಯವರಿಗೆ ಅಪಾಯವನ್ನು ವಿವರಿಸುವುದೇ ಉದ್ಯೋಗವಾದವರಿಗೆ, ಅಪಾಯ ಎನ್ನುವುದು ಯಾವಾಗಲೂ ಎದುರಿಗೆ ಕುಳಿತವರಿಗೆ ಸಂಬಂಧಿಸಿದ್ದು ಎಂಬ ನಂಬಿಕೆ ಬಂದುಬಿಡುತ್ತದೆ.

ಹಿನ್ನೀರಿನ ದಂಡೆಯಲ್ಲಿ ಮೀನುಗಾರರ ಒಂದು ಸಣ್ಣ ಹಟ್ಟಿ ಇದೆ. ಅಲ್ಲಿ ಹನುಮಕ್ಕ ನನ್ನ ಹಳೆಯ ಪರಿಚಯ. ಮೀನು ಹಿಡಿಯುವುದರಿಂದ ಹಿಡಿದು ಮಾರುವವರೆಗೆ ಎಲ್ಲ ಅವಳದ್ದೇ. ಗಂಡನಿಗೆ ಬಲೆ ಒಣಹಾಕುವಷ್ಟು ಮಾತ್ರ ಅಧಿಕಾರ ಕೊಟ್ಟಿದ್ದಾಳೆ. ಹಟ್ಟಿಯ ಮುಂದೆ ನೀರು ನಾಲಿಗೆಯ ಹಾಗೆ ನೆಲದೊಳಗೆ ಚಾಚಿಕೊಂಡಿದೆ. ಆಚೆ ದಂಡೆಯ ಹಳ್ಳಿಗೆ ಸ್ಕೂಟಿಯಲ್ಲಿ ಹೋದರೆ ಊರೂರು ಸುತ್ತಬೇಕು. ಹನುಮಕ್ಕನ ಹರಿಗೋಲಿನಲ್ಲಿ ಕೂತರೆ ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಆಚೆ ದಡ. ನಾನು ಎಷ್ಟೋ ಸಲ ಹಾಗೆ ಹೋಗಿದ್ದೇನೆ. ಹರಿಗೋಲು ಎಂದರೆ ದೊಡ್ಡದೊಂದು ಬಿದಿರು ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿದದ್ದು. ಹನುಮಕ್ಕ ಅದರ ಅಂಚಿಗೆ ಕೂತು ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಾ, ಸೊಸೆಯ ಮೇಲೆ ದೂರು ಹೇಳುತ್ತಾ ದಾಟಿಸುತ್ತಿದ್ದಳು. ನೋಡಿದರೆ ಸಾರು ಕಲಕಿದಷ್ಟು ಸುಲಭ.

ಮಳೆಗಾಲ ಶುರುವಾಗಿತ್ತು. ನಮ್ಮ ಕಡೆ ಹನಿ ಬಿದ್ದಿರಲಿಲ್ಲ, ಆದರೆ ಮೇಲೆ ಎಲ್ಲಿಯೋ ಬಿದ್ದ ಮಳೆಗೆ ನಮ್ಮ ಹಿನ್ನೀರು ಏರುತ್ತಿತ್ತು. ಆ ದಿನ ಹಟ್ಟಿಯಲ್ಲಿ ಹನುಮಕ್ಕ ಇರಲಿಲ್ಲ, ಮೀನು ತೆಗೆದುಕೊಂಡು ಪೇಟೆಗೆ ಹೋಗಿದ್ದಳು. ಉಳಿದವರೂ ಕೂಲಿಗೆ ಹೋಗಿದ್ದರು. ಅವಳ ಅತ್ತೆ ಮಾತ್ರ ಜಗುಲಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಳು. ಆಚೆ ಹಳ್ಳಿಯಲ್ಲಿ ಒಬ್ಬರು, ಪಾಲಿಸಿ ಮಾಡಿಸುತ್ತೇನೆ ಬನ್ನಿ ಎಂದು ತಾವಾಗಿಯೇ ಕರೆದಿದ್ದರು. ನನ್ನ ಉದ್ಯೋಗದಲ್ಲಿ ಹಾಗೆ ಕರೆಯುವವರು ಅಪರೂಪ, ಮನಸ್ಸು ಬದಲಾಯಿಸುವವರೇ ಹೆಚ್ಚು. ಕಟ್ಟಿಹಾಕಿದ್ದ ಹರಿಗೋಲು ನನ್ನ ಮುಂದೆಯೇ ತೂಗಾಡುತ್ತಿತ್ತು. ಚಪ್ಪಲಿ ಬಿಟ್ಟು, ಹಗ್ಗ ಬಿಚ್ಚಿ ಏರಿದೆ.

ದಂಡೆ ಬಿಡುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಹರಿಗೋಲು ಮುಂದಕ್ಕೆ ಹೋಗುವ ಬದಲು ತಿರುಗತೊಡಗಿತು. ನಾನು ಹುಟ್ಟು ಹಾಕಿದಷ್ಟೂ ಅದು ಬುಗುರಿಯ ಹಾಗೆ ತಿರುಗಿತು. ಒಮ್ಮೆ ಹನುಮಕ್ಕನ ಹಟ್ಟಿ ಕಾಣುತ್ತಿತ್ತು, ಒಮ್ಮೆ ಆಚೆ ದಡ, ಮತ್ತೆ ಹಟ್ಟಿ. ಹೀಗೆ ತಿರುಗುತ್ತಲೇ ಗಾಳಿಯ ಹಿಂದೆ ಹೋಗಿ ನಡುನೀರಿಗೆ ಬಂದೆ. ಅಷ್ಟರಲ್ಲಿ ಬ್ಯಾಗಿನಲ್ಲಿ ಮೊಬೈಲು ಹೊಡೆದುಕೊಂಡಿತು. ನಮ್ಮನೆಯವರು. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಅಡುಗೆಮನೆಯನ್ನು ಹೊಸದಾಗಿ ಕಂಡುಹಿಡಿಯುತ್ತಿದ್ದ ದಿನಗಳವು.

“ಚಾಪುಡಿ ಡಬ್ಬಿ ಎಲ್ಲಿಟ್ಟೀದಿ?” ಎಂದು ಕೇಳಿದರು.

ಸಿಗ್ನಲ್ಲು ಹರಿದು ಹರಿದು ಬರುತ್ತಿತ್ತು. ಕಿಟಕಿ ಹತ್ತಿರ ಎದ್ದು ಹೋಗಿ ಮಾತಾಡುವ ಅಭ್ಯಾಸ ನನಗೆ. ಇಲ್ಲಿ ಕಿಟಕಿ ಇರಲಿಲ್ಲ, ಆದರೂ ಎದ್ದು ನಿಂತೆ. ‘ಮ್ಯಾಲಿನ ಗೂಡಿನ್ಯಾಗ’ ಎನ್ನುವಷ್ಟರಲ್ಲಿ ಹರಿಗೋಲು ನನ್ನ ಕಾಲಡಿಯಿಂದ ಮೆಲ್ಲಗೆ ಜಾರಿತು, ಯಾರೋ ಕೂರುವಾಗ ಕುರ್ಚಿ ಎಳೆದ ಹಾಗೆ. ನಾನು ಒಂದು ಕಡೆ, ಹರಿಗೋಲು ಒಂದು ಕಡೆ, ಮೊಬೈಲು ನೇರ ಪಾತಾಳಕ್ಕೆ. ಆ ಕಡೆ ನಮ್ಮನೆಯವರಿಗೆ ಕೇಳಿಸಿದ್ದು ಒಂದು ‘ದಬಕ್’. ಸಿಟ್ಟಿನಿಂದ ಫೋನು ಬಡಿದಿಟ್ಟಳು ಎಂದು ತಿಳಿದ ಅವರು ಸಂಜೆಯವರೆಗೆ ಮತ್ತೆ ಫೋನು ಮಾಡುವ ಧೈರ್ಯ ಮಾಡಲಿಲ್ಲ. ಇಷ್ಟು ವರ್ಷ ನಾನು ಗಳಿಸಿಕೊಂಡ ಭಯಭಕ್ತಿ ಆ ಹೊತ್ತಿಗೆ ನನಗೇ ಮುಳುವಾಯಿತು.

ನೀರಿನೊಳಗೆ ಏನಾಯಿತು ಎಂದು ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ. ಹಸಿರು ಕತ್ತಲೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಮೂಗಿನೊಳಗೆ ಮೆಣಸಿನಕಾಯಿ ಉರಿ. ಸೀರೆ ಕಾಲಿಗೆ ಸುತ್ತಿಕೊಂಡಿತ್ತು. ಒಂದು ಸಲ ಮೇಲೆ ಬಂದು ಆಕಾಶ ನೋಡಿದೆ, ಮತ್ತೆ ಮುಳುಗಿದೆ. ಸಾಯುವಾಗ ಇಡೀ ಜೀವನ ಕಣ್ಣ ಮುಂದೆ ಬರುತ್ತದೆ ಅನ್ನುತ್ತಾರೆ. ನನಗೆ ಬಂದದ್ದು ಹಿಂದಿನ ರಾತ್ರಿ ನೆನೆಹಾಕಿ ರುಬ್ಬದೇ ಬಿಟ್ಟ ಉದ್ದಿನಬೇಳೆ. ಆಮೇಲೆ ಬಲಗಾಲಿನ ಹೆಬ್ಬೆರಳಿಗೆ ಏನೋ ಗಟ್ಟಿಯಾದದ್ದು ತಾಗಿತು. ಎಡಗಾಲೂ ಅಲ್ಲಿಗೆ ಬಂತು. ನಾನು ನಿಂತೆ. ತಲೆ ನೀರಿನಿಂದ ಹೊರಗೆ ಬಂತು, ಹಿಂದೆಯೇ ಭುಜ ಬಂತು.

ಅದು ಮುಳುಗಿದ ಊರಿನ ಯಾವುದೋ ಕಲ್ಲಿನ ಕಟ್ಟೆ. ಕಥೆ ಬರೆಯುವವರಾಗಿದ್ದರೆ ಅದನ್ನು ನಮ್ಮಜ್ಜಿಯ ಮನೆಯ ಕಟ್ಟೆಯೇ ಮಾಡಿಬಿಡುತ್ತಿದ್ದರು. ಅಲ್ಲ. ಅಜ್ಜಿಯ ಊರು ಅಲ್ಲಿಂದ ಇನ್ನೂ ದೂರ. ಇದು ಪಕ್ಕದ ಊರು. ‘ಆ ಊರಿಗೆ ಹೆಣ್ಣು ಕೊಡೂದು ಒಂದ, ಬಾವಿಗೆ ನೂಕೂದು ಒಂದ’ ಎಂದು ಅಜ್ಜಿ ಬೈಯುತ್ತಿದ್ದ ಊರು. ಅವರ ಕಟ್ಟೆಯೇ ನನ್ನನ್ನು ಹಿಡಿದು ನಿಲ್ಲಿಸಿತು.

ನಿಂತದ್ದೇನೋ ನಿಂತೆ, ಮುಂದೇನು? ಕಾಲಿನಿಂದ ತಡವಿ ನೋಡಿದರೆ ಕಟ್ಟೆ ಒಬ್ಬರು ಚಕ್ಕಳಬಕ್ಕಳ ಹಾಕಿ ಕೂರುವಷ್ಟಿತ್ತು, ಮೇಲೆಲ್ಲ ಪಾಚಿ. ಅದರಾಚೆ ಯಾವ ಕಡೆ ಕಾಲು ಚಾಚಿದರೂ ತಳವಿಲ್ಲ. ಹರಿಗೋಲು ನನ್ನ ಭಾರ ಇಳಿದ ಖುಷಿಯಲ್ಲಿ ಆಚೆ ದಡದ ಕಡೆ ನೆಟ್ಟಗೆ ತೇಲಿಹೋಗುತ್ತಿತ್ತು, ಈಗ ಒಂದು ಸುತ್ತೂ ತಿರುಗದೆ. ಅಲೆ ಬಂದಾಗಲೊಮ್ಮೆ ನೀರು ಗದ್ದಕ್ಕೆ ಬಡಿಯುತ್ತಿತ್ತು. ಸಣ್ಣ ಮೀನುಗಳು ಕಾಲಿನ ಒಡಕುಗಳನ್ನು ಕಚ್ಚಿ ಕಚ್ಚಿ ನೋಡುತ್ತಿದ್ದವು. ಕೂಗಿದೆ. ಕೂಗಿದ್ದು ಯಾರಿಗೂ ಕೇಳಲಿಲ್ಲ. ಆಗ ನಿಜವಾಗಿ ಹೆದರಿಕೆ ಬಂತು. ಅಲ್ಲಿಯವರೆಗಿನದು ಬರೀ ಗಾಬರಿ. ಹೆದರಿಕೆ ಬೇರೆ, ಅದು ಸದ್ದಿಲ್ಲದೆ ಬರುತ್ತದೆ. ಬಿಸಿಲು ಹಾಗೇ ಇತ್ತು, ಹಕ್ಕಿಗಳು ಹಾಗೇ ಹಾರುತ್ತಿದ್ದವು. ನಾನು ಇಲ್ಲದ ಮೇಲೂ ಇದೆಲ್ಲ ಹೀಗೇ ಇರುತ್ತದೆ ಎಂದು ಗೊತ್ತಾಯಿತು. ಇದನ್ನು ನಾನೇ ಸಾವಿರ ಜನರಿಗೆ ಹೇಳಿದ್ದೇನೆ. ಹೇಳುವಾಗ ಅದಕ್ಕೆ ಇಷ್ಟು ತಣ್ಣಗಿನ ರುಚಿ ಇದೆ ಎಂದು ತಿಳಿದಿರಲಿಲ್ಲ.

ಎಷ್ಟು ಹೊತ್ತು ಕಳೆಯಿತೋ, ಹಟ್ಟಿಯ ಕಡೆಯ ದಂಡೆಯ ಮೇಲೆ ಕುರಿಗಳು ಕಂಡವು. ಅವುಗಳ ಹಿಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ. ನಾನು ಎರಡೂ ಕೈ ಮೇಲೆತ್ತಿ ಬೀಸಿದೆ. ಅವನು ನಿಂತ. ನೋಡಿದ. ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ. ಈಜಿ ಬರುತ್ತಾನೆ ಎಂದು ನನ್ನ ಜೀವ ಕುಣಿಯಿತು. ಅವನು ಅಲ್ಲಿಯೇ ಉದ್ದಕ್ಕೆ ಅಡ್ಡಬಿದ್ದ.

ಈಗ ಯೋಚಿಸಿದರೆ ಅವನ ತಪ್ಪೇನೂ ಇಲ್ಲ. ಆನೆ ಮುಳುಗುವ ಜಾಗ ಎಂದು ಅವನು ಹುಟ್ಟಿದಾಗಿನಿಂದ ಕೇಳಿದ ನಡುನೀರಿನಲ್ಲಿ, ಕೂದಲು ಬಿಚ್ಚಿಕೊಂಡು, ಹಣೆಯ ಕುಂಕುಮ ಮೂಗಿನವರೆಗೆ ಇಳಿದ ಒಬ್ಬ ಹೆಂಗಸು ಎದೆಮಟ್ಟ ಎದ್ದು ನಿಂತು ಎರಡೂ ಕೈ ಎತ್ತಿದ್ದಾಳೆ. ಅವಳು ನೀರಿನ ದೇವತೆ ಗಂಗವ್ವ ಅಲ್ಲದೆ ವಿಮಾ ಏಜೆಂಟ್ ಆಗಿರಬಹುದು ಎಂದು ಯಾವ ಬುದ್ಧಿವಂತ ಊಹಿಸಿಯಾನು?

ಗಾಳಿ ಅಷ್ಟರಲ್ಲಿ ತಿರುಗಿ ನನ್ನ ಕಡೆಯಿಂದ ಅವನ ಕಡೆಗೆ ಬೀಸುತ್ತಿತ್ತು. ಅವನು ಎದ್ದು ಕೈಮುಗಿದು ಏನೋ ಹೇಳುತ್ತಿದ್ದ. ಬಾಯಿ ಆಡುವುದು ಕಾಣುತ್ತಿತ್ತು, ಒಂದು ಮಾತೂ ಕೇಳುತ್ತಿರಲಿಲ್ಲ. ಬಹಳ ಹೊತ್ತು ಹೇಳಿದ, ನಡುವೆ ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. ನನ್ನ ತಾಳ್ಮೆ ಮುಗಿಯಿತು. ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ.

“ಹೋಗು! ಲಗೂನ ಹೋಗು! ಕರ್ಕೊಂಡು ಬಾ! ನಾ ಇನ್ನ ಭಾಳ ಹೊತ್ತು ಇರಂಗಿಲ್ಲ!”

ಅವನು ಇನ್ನೊಮ್ಮೆ ಅಡ್ಡಬಿದ್ದು, ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಕುರಿಗಳನ್ನು ಅಟ್ಟಿಕೊಂಡು ಓಡಿದ.

ಒಂದು ವಿಷಯ ಆಮೇಲೆ ಹೊಳೆಯಿತು. ನಾನು ಗಿರಾಕಿಗಳನ್ನು, ಗಿರಾಕಿಗಳಾಗಬಹುದಾದವರನ್ನು, ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವಳಲ್ಲ. ‘ಬರ್ರಿ, ಕುಂದರ್ರಿ, ಸಹಿ ಮಾಡ್ರಿ’ ಎಂಬುದೇ ನನ್ನ ಬಾಯಿ. ಅಂದು ‘ಹೋಗ್ರಿ’ ಎಂದಿದ್ದರೆ ಅವನಿಗೆ ತಕ್ಷಣ ಗೊತ್ತಾಗುತ್ತಿತ್ತು, ಇವಳು ಮನುಷ್ಯಳು ಎಂದು. ನಮ್ಮ ಕಡೆ ದೇವರು ಯಾರಿಗೂ ‘ರಿ’ ಹಚ್ಚುವುದಿಲ್ಲ.

ಕಾಯುವುದು ಕಷ್ಟದ ಕೆಲಸ. ನೀರು ಏರಿತೋ ನಾನೇ ಕುಸಿದೆನೋ, ಭುಜದ ಕೆಳಗಿದ್ದ ನೀರು ಕುತ್ತಿಗೆಗೆ ಬಂದಿತ್ತು. ಒಮ್ಮೆ ಪಾಚಿಯ ಮೇಲೆ ಕಾಲು ಜಾರಿ ಪೂರ್ತಿ ಮುಳುಗಿ ಮತ್ತೆ ಕಟ್ಟೆ ಹುಡುಕಿಕೊಂಡೆ. ಆಮೇಲೆ ಕಾಲ್ಬೆರಳುಗಳನ್ನು ಕಲ್ಲಿನ ಸಂದಿಗೆ ಊರಿ ಹಿಡಿದೆ. ಹರಕೆ ಹೊರಬೇಕು ಅನ್ನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ. ಗಂಗವ್ವನಿಗೇ ಹೊರೋಣವೆಂದರೆ ಸದ್ಯಕ್ಕೆ ಆ ಹುದ್ದೆಯಲ್ಲಿ ನಾನೇ ಇದ್ದೆ. ಕೊನೆಗೆ ಅಜ್ಜಿಯ ಹಾಗೆ ನೀರನ್ನು ಬೈಯಲು ಶುರು ಮಾಡಿದೆ. ಅವಳ ಬೈಗುಳಗಳೆಲ್ಲ ನನಗೆ ಬಾಯಿಪಾಠವಿದ್ದವು. ಬೈಯುತ್ತಿದ್ದಷ್ಟು ಹೊತ್ತು ಅಳು ಬರಲಿಲ್ಲ.

ಹೊತ್ತು ಇಳಿಯುವಾಗ ಹಟ್ಟಿಯ ಕಡೆಯಿಂದ ಬೇರೆ ಯಾರದೋ ಹರಿಗೋಲೊಂದು ಬಂತು. ಅದರ ತುಂಬ ಕೂಲಿಯಿಂದ ಮರಳಿದ ಹೆಂಗಸರು, ಹಾಡುತ್ತಾ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಊದಿನಕಡ್ಡಿ, ಒಂದು ತೆಂಗಿನಕಾಯಿ. ಹುಟ್ಟು ಹಾಕುತ್ತಿದ್ದವಳು ಆಗಷ್ಟೇ ಪೇಟೆಯಿಂದ ಬಂದಿದ್ದ ಹನುಮಕ್ಕ. ಕುರಿಯವನು ಹಟ್ಟಿಯ ಮುಂದೆ ಹಾದುಹೋಗುತ್ತಾ, ಗಂಗವ್ವ ಎದ್ದು ನಿಂತಾಳೆ, ಹೋಗಿ ಕಾಯಿ ಒಡೆಯಿರಿ ಎಂದು ಜಗುಲಿಯ ಮುದುಕಿಗೆ ಕೂಗಿ ಹೇಳಿ ಹೋಗಿದ್ದನಂತೆ. ಸಹಾಯ ಎಂಬ ಮಾತೇ ಅವನ ಬಾಯಲ್ಲಿ ಬಂದಿರಲಿಲ್ಲ. ನನ್ನನ್ನು ಉಳಿಸಿದ್ದು ಕನಿಕರ ಅಲ್ಲ, ದರ್ಶನದ ಆಸೆ.

ಹತ್ತಿರ ಬಂದ ಮೇಲೆ ಹೆಂಗಸರ ಹಾಡು ನಿಂತಿತು. ಹನುಮಕ್ಕ ಹುಟ್ಟನ್ನು ಎತ್ತಿ ಹಿಡಿದು ನನ್ನ ಮುಖವನ್ನೇ ನೋಡಿದಳು.

“ಅಯ್ಯ, ಇದು ಪಾಲಿಸಿ ಸರೋಜಕ್ಕ,” ಎಂದಳು. ಆಮೇಲೆ ಕೇಳಿದಳು, “ನಮ್ಮ ಹರಗೋಲು ಎಲ್ಲೈತಿ?”

ನಾನು ಆಚೆ ದಡದ ಕಡೆ ಕೈ ತೋರಿಸಿದೆ. ಅವಳು ನನ್ನ ರಟ್ಟೆ ಹಿಡಿದಾಗ ಅಲ್ಲಿಯವರೆಗೆ ತಡೆದಿದ್ದ ಅಳು ಒಂದೇ ಸಲಕ್ಕೆ ಒಡೆಯಿತು. ನನ್ನನ್ನು ಮೇಲೆಳೆಯುವುದು ದೇವಿಯನ್ನು ಪೂಜಿಸುವಷ್ಟು ಸುಲಭವಾಗಿರಲಿಲ್ಲ. ನಾಲ್ಕು ಜನ ಎಳೆದರು, ಇಬ್ಬರು ಎದುರು ಅಂಚಿಗೆ ಕೂತು ಭಾರ ಕೊಟ್ಟರು. ಕುಂಕುಮದ ತಟ್ಟೆ ನೀರುಪಾಲಾಯಿತು. ದಂಡೆಗೆ ಬಂದ ಮೇಲೆ, ತಂದ ಕಾಯಿ ವಾಪಸು ಒಯ್ಯಬಾರದು ಎಂದು ಹನುಮಕ್ಕನ ಅತ್ತೆ ಹಟ ಹಿಡಿದಳು. ಒಡೆದು ಎಲ್ಲರಿಗೂ ಹಂಚಿದರು. ನನಗೂ ಒಂದು ಚೂರು ಕೊಟ್ಟರು. ನನ್ನದೇ ಪ್ರಸಾದವನ್ನು ನಾನು ಹಲ್ಲು ಕಟಕಟಿಸುತ್ತಾ ತಿಂದೆ.

ಹನುಮಕ್ಕನ ಸೀರೆಯುಟ್ಟು ಮನೆ ಸೇರಿದಾಗ ನಮ್ಮನೆಯವರು ಬಾಗಿಲಲ್ಲೇ ಸಮಾಧಾನದ ದನಿಯಲ್ಲಿ, ಚಹಾಪುಡಿ ಸಿಕ್ಕಿತು ಎಂದರು. ನಾನು ಆದದ್ದನ್ನು ಹೇಳಿದೆ. ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಚಹಾ ತಂದರು. ಅರ್ಧ ಚಹಾ ಲೋಟದ ಕೆಳಗಿನ ಬಸಿಯಲ್ಲೇ ಇತ್ತು. ನಾನು ಅದನ್ನು ಹಾಗೇ ಬಸಿಯಿಂದ ಕುಡಿದೆ. ಸಕ್ಕರೆ ಹಾಕಿರಲಿಲ್ಲ, ನಾನೂ ಹೇಳಲಿಲ್ಲ.

ಸುದ್ದಿ ನನಗಿಂತ ಮೊದಲೇ ಊರೂರು ತಿರುಗಿತು. ಕೊಟ್ಟೂರಿನಲ್ಲಿ ಪಾನಬೀಡಾ ಅಂಗಡಿಯವನು ಕೂಡ, ನಿಮಗೆ ಏನೂ ಆಗಲಿಲ್ಲವಲ್ಲ, ಮತ್ತೆ ನಮಗ್ಯಾಕೆ ಪಾಲಿಸಿ ಎಂದು ಕೇಳಿದ. ಸತ್ತಿದ್ದರೆ ನನ್ನ ಮಾತಿಗೆ ಹೆಚ್ಚು ತೂಕ ಬರುತ್ತಿತ್ತು.

ದೀಪಾವಳಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಕಂಬಳಿ ಹೊದ್ದವರೊಬ್ಬರು ಮನೆ ಹುಡುಕಿಕೊಂಡು ಬಂದರು. ಹೆಸರು ಮೈಲಾರಪ್ಪ. ಅವತ್ತು ದಂಡೆಯ ಮೇಲಿದ್ದವರು ಇವರೇ. ಅಷ್ಟು ಹೊತ್ತು ನನ್ನನ್ನು ನೀರಿನಲ್ಲಿ ಬಿಟ್ಟುಹೋದದ್ದಕ್ಕೆ ನಾಲ್ಕು ಮಾತು ಬೈಯೋಣ ಎಂದುಕೊಂಡೆ. ಅವರು ಹೊರಗಿನ ಕಟ್ಟೆಯ ಮೇಲೆ ಕೂತು ತಮ್ಮ ಕಥೆ ಹೇಳತೊಡಗಿದರು.

ಅವರಿಗೆ ಒಬ್ಬಳೇ ಮಗಳು, ರೇಣುಕಾ. ಹರಪನಹಳ್ಳಿಯಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದವಳು ಅಲ್ಲಿಯೇ ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಇವರು ಮಗಳ ಮುಖ ನೋಡುವುದಿಲ್ಲ ಎಂದು ಎಲ್ಲರ ಎದುರು ಆಣೆ ಮಾಡಿದ್ದರು. ಹೆಂಡತಿ ಅಂದಿನಿಂದ ಇವರಿಗೆ ಅನ್ನ ಬಡಿಸುತ್ತಾಳೆ, ಮಾತಾಡುವುದಿಲ್ಲ. ಆ ದಿನ ನೀರಿನಲ್ಲಿ ಗಂಗವ್ವನನ್ನು ಕಂಡಾಗ ಅವರು ಕೇಳಿದ್ದು ಒಂದೇ ಮಾತಂತೆ: ಯವ್ವಾ, ಆಣೆ ಮುರಿದು ಮಗಳ ಮನೆಗೆ ಹೋಗಲೇನು, ಅವಳನ್ನು ಕರೆದುಕೊಂಡು ಬರಲೇನು?

ನೀರಿನಲ್ಲಿ ನಿಂತು ನಾನು ಕೂಗಿದ್ದು ನೆನಪಾಯಿತು. ಹೋಗು, ಲಗೂನ ಹೋಗು, ಕರ್ಕೊಂಡು ಬಾ.

ಕುರಿಗಳನ್ನು ಹೆಂಡತಿಗೆ ಒಪ್ಪಿಸಿ ಅವರು ಬರಿಗಾಲಿನಲ್ಲಿ ಬಸ್ಸು ಹತ್ತಿದ್ದರು. ಮಗಳು ಬಾಗಿಲು ತೆರೆದಳು, ಊಟಕ್ಕೆ ಹಾಕಿದಳು, ಅತ್ತಳು. ಆದರೆ ತವರಿಗೆ ಬಾ ಎಂದದ್ದಕ್ಕೆ, ಬಂದರೆ ಇಬ್ಬರೂ ಬರುತ್ತೇವೆ, ಇಲ್ಲವಾದರೆ ಇಲ್ಲ ಎಂದಳು. ಇವರು ಒಬ್ಬರೇ ಹಿಂದಿರುಗಿದರು. ಗಂಗವ್ವ ಕರೆದುಕೊಂಡು ಬಾ ಎಂದಿದ್ದಳೇ ಹೊರತು ಎಷ್ಟು ಜನರನ್ನು ಎಂದು ಹೇಳಿರಲಿಲ್ಲ.

ಒಳಗೆ ನಮ್ಮನೆಯವರು ಪಾತ್ರೆ ಸದ್ದು ನಿಲ್ಲಿಸಿ ಕೇಳುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ. ಒಂದು ಮನೆತನದ ವಿಷಯ, ತಪ್ಪು ತಿಳಿವಳಿಕೆಯ ಮೇಲೆ ನಿಲ್ಲಬಾರದು ಅನ್ನಿಸಿತು.

“ಮೈಲಾರಪ್ಪಾರ, ನಾನು ಗಂಗವ್ವ ಅಲ್ಲರಿ,” ಎಂದೆ. “ನೀವು ಕೇಳಿದ್ದು ನನಗ ಕೇಳಿಸಿರಲೇ ಇಲ್ಲ. ಹರಗೋಲಿನವರ್ನ ಕರ್ಕೊಂಡು ಬಾ ಅಂತ ನಾ ಒದರಿದ್ದು.”

ಅವರು ತಲೆಯಾಡಿಸಿದರು. “ನೀವು ಪಾಲಿಸಿ ಅಕ್ಕಾರು ಅಂತ ಮರುದಿನಾನೇ ಗೊತ್ತಾತ್ರಿ.”

“ಮತ್ತ?”

“ನಿಮಗ ಕೇಳ್ಲಿಲ್ಲ, ಖರೇ. ನನಗ ಕೇಳಿಸ್ತಲ್ರಿ.” ಸ್ವಲ್ಪ ಹೊತ್ತು ಕಂಬಳಿಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡರು. “ಮೊದಲನೇದು ನಿಮ್ಮನ್ನ ಕೇಳೀನಿ. ಎರಡನೇದು ಇನ್ನ ಯಾರನ್ನ ಕೇಳ್ಲಿ? ಅಳಿಯನ್ನೂ ಕರ್ಕೊಂಡು ಬರ್ಲೇನ್ರಿ?”

ಗಾಳಿ ಇರಲಿಲ್ಲ. ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಕೇಳುತ್ತಿತ್ತು. ನೀರಿನಲ್ಲಿ ಪ್ರಾಣಭಯಕ್ಕೆ ಬಾಯಿ ಬಿಟ್ಟದ್ದು ಬೇರೆ. ಇಲ್ಲಿ, ಅವರ ಬಂಧುಬಳಗ ಏನನ್ನುತ್ತದೆ, ನಾಳೆ ಏನಾದರೂ ಆದರೆ ಯಾರ ಹೆಸರು ಬರುತ್ತದೆ ಎಂಬುದೆಲ್ಲ ನನ್ನ ಲೆಕ್ಕಾಚಾರದ ತಲೆಗೆ ಒಂದೇ ಕ್ಷಣದಲ್ಲಿ ಬಂತು. ‘ನಿಮ್ಮ ಮನಿಯವರನ್ನ ಕೇಳ್ರಿ’ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ನಾಲಿಗೆಯವರೆಗೆ ಬಂದಿತ್ತು ಕೂಡ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಇಬ್ಬರನ್ನೂ ಕರ್ಕೊಂಡು ಬರ್ರಿ,” ಎಂದೆ. ದನಿ ಬಹಳ ಸಣ್ಣದಾಗಿತ್ತು.

“ಲಗೂನ?”

“ಲಗೂನ.”

ಅವರು ನಮ್ಮನೆಯವರು ತಂದುಕೊಟ್ಟ ಚಹಾ ಮುಗಿಸಿ, ಲೋಟ ತೊಳೆದಿಟ್ಟು ಹೋದರು.

ದೀಪಾವಳಿಯ ಹಿಂದಿನ ದಿನ ಎಣ್ಣೆ, ಬತ್ತಿ ತರಲು ಪೇಟೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಎದುರು ಒಂದು ಮೋಟಾರ್ ಸೈಕಲ್ಲು ನನ್ನ ಪಕ್ಕದಲ್ಲೇ ಹಾದುಹೋಯಿತು. ಓಡಿಸುತ್ತಿದ್ದವನು ಒಬ್ಬ ತೆಳ್ಳಗಿನ ಹುಡುಗ. ಹಿಂದೆ ಹೊಸ ಸೀರೆಯ ಹುಡುಗಿ, ತೊಡೆಯ ಮೇಲೆ ಮಿಠಾಯಿ ಡಬ್ಬಿ. ಇಬ್ಬರ ನಡುವೆ ಕಂಬಳಿಯ ಸಮೇತ ಮೈಲಾರಪ್ಪ. ಒಂದು ಗಾಡಿಗೆ ಮೂರು ಜನ, ಯಾರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ನನ್ನ ಉದ್ಯೋಗದ ಪ್ರಕಾರ ನಿಲ್ಲಿಸಿ ಬುದ್ಧಿ ಹೇಳಬೇಕಾಗಿತ್ತು. ಮೈಲಾರಪ್ಪ ನನ್ನನ್ನು ನೋಡಲಿಲ್ಲ. ಮೊದಲ ಸಲ ಮೋಟಾರ್ ಸೈಕಲ್ಲು ಹತ್ತಿದ್ದರೆಂದು ಕಾಣುತ್ತದೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಎರಡೂ ಕೈಯಿಂದ ಅಳಿಯನ ಸೊಂಟ ತಬ್ಬಿ ಹಿಡಿದಿದ್ದರು.